ಡಬ್ಬ ತುಂಬುವ ಹೊತ್ತು

ಆ ಮಾತನ್ನು ಊಟದ ಹೊತ್ತಿನಲ್ಲಿ ಎತ್ತಬಾರದಿತ್ತು ಎಂದು ಮನೆಯವರೆಲ್ಲ ಆಮೇಲೆ ಹೇಳಿದರು. ಆದರೆ ಅದು ಜಗಳದ ಮಾತು ಎಂದು ಸೊಸೆಗೆ ಹೊಳೆದಿರಲೇ ಇಲ್ಲ. ತಪಾಸಣೆ ಕಚೇರಿಯಲ್ಲಿ ಅವಳು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಹಳೆಯ ದಾಖಲೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವುದು ಅವಳ ಪಾಲಿನ ಕೆಲಸ. ಅವತ್ತು ಅವಳ ಮೇಜಿಗೆ ಬಂದದ್ದು ಕಾಗದದ ಕಾರ್ಖಾನೆಯ ಕೊಳೆನೀರಿನ ಕಟ್ಟೆಯ ಪುಸ್ತಕ. ಬರೆದವರು ಸ್ವಂತ ಮಾವ. ಅವಳು ಖುಷಿಯಿಂದಲೇ ಮನೆಗೆ ಬಂದಿದ್ದಳು.

"ಮಾವ, ನಿಮ್ಮ ಅಕ್ಷರ ಎಷ್ಟು ದುಂಡಗಿದೆ," ಎಂದಳು ರೊಟ್ಟಿ ಬಡಿಸುತ್ತ. "ಇವತ್ತು ಪೂರ್ತಿ ನಿಮ್ಮ ಪುಸ್ತಕವೇ. ಟೈಪ್ ಮಾಡೋಕೂ ಸುಲಭ. ನಲವತ್ತು, ನಲವತ್ತು, ನಲವತ್ತು. ಹದಿನಾಲ್ಕು ತಿಂಗಳಿಂದ ದಿನಾ ನಲವತ್ತೇ. ಅದು ಹೇಗೆ ಮಾವ, ಒಂದು ಸೆಕೆಂಡೂ ಆಚೀಚೆ ಆಗಲ್ಲ? ಮಳೆ ಬಂದಾಗಲೂ?"

ಮಾವ ತಟ್ಟೆಯಿಂದ ತಲೆಯೆತ್ತಲಿಲ್ಲ. ಗಂಡ ಮೇಜಿನಡಿಯಲ್ಲಿ ಅವಳ ಕಾಲು ತುಳಿದ. ಬೇಳೆಯ ಪಾತ್ರೆ ಎತ್ತಿಕೊಂಡು ಒಳಗೆ ಹೋದ ಅತ್ತೆ ತುಂಬ ಹೊತ್ತು ಹೊರಗೆ ಬರಲಿಲ್ಲ.

"ಕಟ್ಟೆ ಗಟ್ಟಿಯಾಗಿದ್ರೆ ಹಾಗೇ ಇರುತ್ತೆ," ಎಂದರು ಮಾವ.

"ಗಟ್ಟಿಯಾಗಿರೋದು ಕಟ್ಟೆಯೋ ನಿನ್ನ ಪೆನ್ನೋ?" ಎಂದರು ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ. ಅವರು ಮಾವನ ತಾಯಿ, ವಯಸ್ಸು ಎಂಬತ್ತೊಂದು. ಹಲ್ಲು ಉದುರಿದ್ದವು, ನಾಲಿಗೆ ಮೊಂಡಾಗಿರಲಿಲ್ಲ.

"ಅಮ್ಮಾ, ಸುಮ್ನೆ ಊಟ ಮಾಡು."

"ಮಾಡ್ತಾನೇ ಇದೀನಿ. ನೀನು ಹುಡುಗಿ ಕೇಳಿದ್ದಕ್ಕೆ ಉತ್ತರ ಹೇಳು."

ಮಾವ ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದರು.

ಅವರನ್ನು ಊರು ಕಟ್ಟೆ ಮೇಸ್ತ್ರಿ ಎಂದು ಕರೆಯುತ್ತಿತ್ತು. ಕಾರ್ಖಾನೆಗೂ ದೊಡ್ಡ ಕೆರೆಗೂ ನಡುವೆ ಮೂರಂತಸ್ತಿನ ಮನೆಯೆತ್ತರದ ಮಣ್ಣಿನ ಏರಿಯೊಂದಿತ್ತು. ಕಾರ್ಖಾನೆ ತೊಳೆದು ಬಿಟ್ಟ ಕೊಳೆನೀರು ಅದರ ಹಿಂದೆ ನಿಲ್ಲುತ್ತಿತ್ತು. ಏರಿಯ ಬುಡದಲ್ಲಿ ಕೆಳಗಿನ ಬೀದಿಯ ಮೂವತ್ತು ಮನೆ, ಅದರಾಚೆ ಊರಿಗೆಲ್ಲ ಕುಡಿಯುವ ನೀರು ಕೊಡುವ ಕೆರೆ. ಏರಿ ಕಟ್ಟುವಾಗ ಕಲ್ಲು ಹೊತ್ತವರಲ್ಲಿ ಮೇಸ್ತ್ರಿಯೂ ಒಬ್ಬರು. ಕಟ್ಟಿದ ಮೇಲೆ ಇಪ್ಪತ್ತಾರು ವರ್ಷದಿಂದ ಅವರೇ ಕಾವಲು. ಏರಿಯ ಮೇಲೆ ನಡೆದು ಬಿರುಕು ನೋಡಬೇಕು. ತೊಂಬತ್ತಾರು ಮೆಟ್ಟಿಲು ಇಳಿದು ಬುಡಕ್ಕೆ ಹೋಗಬೇಕು. ಏರಿಯೊಳಗೆ ಜಿನುಗಿದ ನೀರು ಅಲ್ಲಿ ಒಂದು ಕೊಳವೆಯಿಂದ ಹೊರಗೆ ಬೀಳುತ್ತದೆ. ಅದರ ಕೆಳಗೆ ಹತ್ತು ಲೀಟರಿನ ಡಬ್ಬ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಗಡಿಯಾರ ನೋಡಿ ಬರೆಯಬೇಕು. ಡಬ್ಬ ಬೇಗ ತುಂಬಿತೆಂದರೆ ಏರಿ ಹೆಚ್ಚು ಸೋರುತ್ತಿದೆ ಎಂದರ್ಥ. ಅಷ್ಟೇ ಕೆಲಸ. ಒಬ್ಬ ಮನುಷ್ಯ, ಒಂದು ಡಬ್ಬ, ಒಂದು ಗಡಿಯಾರ.

ಮಾರನೆಯ ಬೆಳಿಗ್ಗೆ ಸೊಸೆ ಕಚೇರಿಗೆ ಹೋಗುವ ಮೊದಲು ಕಟ್ಟೆಯ ಕಡೆ ತಿರುಗಿದಳು. ಮಾವನ ಅಳತೆಯನ್ನು ಒಮ್ಮೆ ಕಣ್ಣಾರೆ ನೋಡಿದರೆ ತನ್ನ ಮಾತಿಗೆ ತಾನೇ ನಗಬಹುದು, ರಾತ್ರಿಯ ಮುನಿಸು ತೀರಬಹುದು ಎಂದುಕೊಂಡಿದ್ದಳು. ಏರಿಯ ಮೇಲಿನ ತಗಡಿನ ಗೂಡಿನಲ್ಲಿ ಮಾವ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು, ಅವಳನ್ನು ನೋಡಲಿಲ್ಲ. ಅವಳು ಕೆಳಗೆ ಇಣುಕಿದಳು. ಬುಡದಲ್ಲಿ, ಕೊಳವೆಯ ಹತ್ತಿರ, ಬಟ್ಟೆ ಮೇಲಕ್ಕೆ ಸಿಕ್ಕಿಸಿಕೊಂಡು ಡಬ್ಬ ಹಿಡಿದು ನಿಂತಿದ್ದವರು ಅತ್ತೆ.

ಸೊಸೆಗೆ ಮೊದಲು ನಂಬಿಕೆ ಬರಲಿಲ್ಲ. ಅತ್ತೆ ದಿನಾ ಬೆಳಿಗ್ಗೆ ಹೊಲಿದ ಬಟ್ಟೆ ಕೊಟ್ಟು ಬರಲು ಹೋಗುತ್ತಾರೆಂದೇ ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ಅವಳು ಮೆಟ್ಟಿಲು ಇಳಿದಳು.

"ಬಂದೆಯಾ," ಎಂದರು ಅತ್ತೆ. "ನಿನ್ನೆ ನೀನು ಕೇಳಿದಾಗಲೇ ಬರ್ತೀಯ ಅಂದ್ಕೊಂಡೆ. ಮಾತಾಡಬೇಡ, ಎಣಿಸ್ತಾ ಇದೀನಿ."

ಡಬ್ಬ ತುಂಬಿ ಚೆಲ್ಲಿತು.

"ಎಷ್ಟು?" ಎಂದಳು ಸೊಸೆ.

"ಇಪ್ಪತ್ತು."

"ನಲವತ್ತಲ್ವಾ?"

"ನಲವತ್ತನ್ನ ನಾನು ನೋಡೇ ಇಲ್ಲ." ಅತ್ತೆ ಡಬ್ಬ ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡರು. "ಅವರಿಗೆ ಮಂಡಿ ಹೋಗಿದೆ. ಈ ಮೆಟ್ಟಿಲು ಇಳಿದ್ರೆ ಹತ್ತೋಕಾಗಲ್ಲ. ಕಾರ್ಖಾನೆಗೆ ಗೊತ್ತಾದ್ರೆ ಕೆಲಸದಿಂದ ತೆಗೀತಾರೆ, ನಾವಿರೋ ಮನೆಯೂ ಅವರದ್ದೇ. ನಿವೃತ್ತಿಗೆ ಇನ್ನು ಎಂಟು ತಿಂಗಳು. ಅದಕ್ಕೇ ನಾನು ಇಳೀತೀನಿ. ಹದಿನಾಲ್ಕು ತಿಂಗಳಾಯ್ತು."

"ನೀವು ಅವರಿಗೆ ಏನಂತ ಹೇಳ್ತೀರಿ?"

"ಇದ್ದದ್ದನ್ನ ಹೇಳ್ತೀನಿ. ಮೂವತ್ತೆಂಟು ಅಂದೆ. ಗಡಿಯಾರ ನೋಡೋಕೆ ತಡ ಮಾಡಿರ್ತೀಯಾ ಅಂದ್ರು. ಮೂವತ್ತೈದು ಅಂದೆ. ಡಬ್ಬ ಓರೆ ಹಿಡಿದಿರ್ತೀಯಾ ಅಂದ್ರು. ಮೂವತ್ತು ಅಂದ ದಿನ, ನಿನ್ನ ಕಣ್ಣು ತೋರಿಸ್ಬೇಕು ಅಂದ್ರು. ತೋರಿಸಿದ್ರು ಕೂಡ. ಕಣ್ಣು ಸರಿಯಾಗೇ ಇತ್ತು."

"ಆಮೇಲೆ?"

"ಆಮೇಲೂ ನಲವತ್ತೇ ಬರೆದ್ರು."

ಸೊಸೆ ಡಬ್ಬದೊಳಗೆ ನೋಡಿದಳು. ನೀರು ತಿಳಿಯಾಗಿರಲಿಲ್ಲ. ಹಾಲು ಹಾಕಿದ ಚಹಾದ ಬಣ್ಣ. ಡಬ್ಬ ಬಗ್ಗಿಸಿದಾಗ ತಳದಲ್ಲಿ ಬೆರಳು ದಪ್ಪಕ್ಕೆ ನಯವಾದ ಮಣ್ಣು ನಿಂತಿತ್ತು. ಎರಡು ತಿಂಗಳು ಬೇರೆ ಬೇರೆ ಕಟ್ಟೆಗಳ ಪುಸ್ತಕ ಟೈಪ್ ಮಾಡಿದವಳಿಗೆ ಇಷ್ಟು ಗೊತ್ತಾಗಿತ್ತು: ಸೋರುವ ನೀರು ತಿಳಿಯಾಗಿದ್ದರೆ ಸರಿ, ಮಣ್ಣು ಬಂದರೆ ಏರಿ ಒಳಗಿನಿಂದ ಕರಗುತ್ತಿದೆ.

"ಇದು ಯಾವಾಗಿಂದ ಅತ್ತೆ?"

"ಒಂಬತ್ತು ದಿನ. ಬರ್ಕೊಂಡಿದೀನಿ."

ಬರೆದುಕೊಂಡದ್ದು ಅಳತೆ ಪುಸ್ತಕದಲ್ಲಿ. ಅತ್ತೆ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು. ಗಿರಾಕಿಗಳ ತೋಳು, ಸೊಂಟ, ಎದೆಯ ಅಳತೆಗಳ ನಡುವೆ, ಪ್ರತಿ ಪುಟದ ಬಲಗಡೆ ಅಂಚಿನಲ್ಲಿ, ತಾರೀಖು ಮತ್ತು ಒಂದು ಸಂಖ್ಯೆ. ಒಂದು ದಿನವೂ ಬಿಟ್ಟಿರಲಿಲ್ಲ.

ಅವತ್ತು ಸಂಜೆ ಆ ಪುಸ್ತಕ ಊಟದ ಮೇಜಿಗೆ ಬಂತು. ತಂದಿಟ್ಟವಳು ಸೊಸೆ. ಗಂಡ ಅದನ್ನು ಮುಚ್ಚಿ ಪಕ್ಕಕ್ಕೆ ಸರಿಸಿದ.

"ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಗುತ್ತೆ," ಎಂದ. ಅವನೂ ಅದೇ ಕಾರ್ಖಾನೆಯಲ್ಲಿ ಐದು ವರ್ಷದಿಂದ ತಾತ್ಕಾಲಿಕ. "ನೀನು ಈ ಮನೆಗೆ ಬಂದು ಎರಡು ವರ್ಷ ಆಗಿಲ್ಲ. ಉಂಡ ಮನೆಗೆ ಎರಡು ಬಗೀತೀಯಾ?"

"ಉಂಡ ಮನೆ ಕಟ್ಟೆಯ ಕೆಳಗೇ ಇದೆ. ಉಳಿದ್ರೆ ತಾನೇ ಬಗೆಯೋದು."

"ಕಟ್ಟೆಗೆ ಏನೂ ಆಗಿಲ್ಲ," ಎಂದರು ಮೇಸ್ತ್ರಿ. ಅವರ ಧ್ವನಿ ಏರಿತ್ತು. "ಅದರ ಒಂದೊಂದು ಕಲ್ಲೂ ನನಗೆ ಗೊತ್ತು. ಇವಳಿಗೆ ಎಣಿಸೋಕೆ ಬರಲ್ಲ, ಅದಕ್ಕೆ ಊರೆಲ್ಲ ಬೊಬ್ಬೆ ಹಾಕ್ಬೇಕಾ?"

ಅತ್ತೆ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. "ಮೂವತ್ತು ವರ್ಷದಿಂದ ಈ ಊರಿನ ಸೊಂಟ ಅಳೀತಾ ಇದೀನಿ," ಎಂದರು. "ಒಬ್ಬರ ಚಡ್ಡಿನಾದ್ರೂ ಜಾರಿದೆಯಾ?"

ಅಜ್ಜಿ ನಕ್ಕರು. ಬೇರೆ ಯಾರೂ ನಗಲಿಲ್ಲ.

"ಎಣಿಸೋಕೆ ಬರಲ್ಲ ಅನ್ನೋದಾದ್ರೆ ಕಳಿಸಿದ್ದು ಯಾಕೆ?" ಎಂದು ಅಜ್ಜಿ ಮಗನನ್ನು ಕೇಳಿದರು. "ನಂಬದೇ ಇರೋರನ್ನ ಒಂದು ದಿನ ಕಳಿಸಬಹುದು. ಹದಿನಾಲ್ಕು ತಿಂಗಳು ಕಳಿಸಿದ್ದೀಯ."

"ನೀನು ಸುಮ್ನಿರಮ್ಮ."

"ನಾನು ಸುಮ್ನಿರ್ತೀನಿ. ನೀನು ಹೋಗಿ ನೋಡ್ಕೊಂಡು ಬಾ. ಎದ್ದು ಹೋಗು. ಕಾಲಿಲ್ಲದಿದ್ರೆ ನಿನ್ನ ಮಗ ಇದಾನೆ, ಹೊರ್ತಾನೆ."

ಮೂರು ದಿನ ಆ ಮನೆಯಲ್ಲಿ ಮಾತು ಪಾತ್ರೆಗಳ ಸದ್ದಿನಲ್ಲೇ ನಡೆಯಿತು. ಅತ್ತೆ ಬೆಳಿಗ್ಗೆ ಹೋಗಿ ಬಂದು ಸಂಖ್ಯೆ ಹೇಳುವುದನ್ನು ನಿಲ್ಲಿಸಿದರು. ಬರೆದು ಯಂತ್ರದ ಮೇಲೆ ಇಡುತ್ತಿದ್ದರು. ಮೇಸ್ತ್ರಿ ಅತ್ತ ನೋಡದೆ ದಾಟಿಹೋಗುತ್ತಿದ್ದರು. ಭಾನುವಾರ ಚಹಾ ಕುಡಿದಾದ ಮೇಲೆ ಅವರೇ ಮಗನಿಗೆ ಹೇಳಿದರು: "ನಡಿ."

ಅಜ್ಜಿಯೊಬ್ಬರನ್ನು ಬಿಟ್ಟು ಎಲ್ಲರೂ ಹೋದರು. ಮೇಸ್ತ್ರಿ ಮಗನ ಹೆಗಲ ಮೇಲೆ ಕೈ ಹಾಕಿ ಮೂವತ್ತು ಮೆಟ್ಟಿಲು ಇಳಿದರು. ಆಮೇಲೆ ಆಗಲಿಲ್ಲ. ಉಳಿದದ್ದನ್ನು ಕೂತುಕೊಂಡೇ, ಚಿಕ್ಕ ಮಕ್ಕಳ ಹಾಗೆ ಒಂದೊಂದೇ ಜಾರುತ್ತ ಇಳಿದರು. ಪ್ಯಾಂಟು ಹಿಂದೆ ಮಣ್ಣಾಯಿತು. ಯಾರೂ ಅದನ್ನು ಕೊಡವಲಿಲ್ಲ.

ಡಬ್ಬವನ್ನು ಅವರೇ ಹಿಡಿದರು. ಗಡಿಯಾರ ಮಗನ ಕೈಯಲ್ಲಿ.

"ಶುರು," ಎಂದರು.

ಡಬ್ಬ ತುಂಬಿತು. "ಎಷ್ಟು?"

"ಹತ್ತೊಂಬತ್ತು," ಎಂದ ಮಗ.

"ಸರಿ ನೋಡಿಲ್ಲ ನೀನು. ಗಡಿಯಾರ ಇಲ್ಲಿ ಕೊಡು, ಡಬ್ಬ ನೀನು ಹಿಡಿ."

ಎರಡನೆಯ ಸಲವೂ ಹತ್ತೊಂಬತ್ತು. ಮೂರನೆಯ ಸಲ ಹದಿನೆಂಟು. ನಾಲ್ಕನೆಯದಕ್ಕೆ ಅವರು ಗಡಿಯಾರ ಎತ್ತಲಿಲ್ಲ. ಡಬ್ಬದಲ್ಲಿ ಕೈ ಅದ್ದಿ ತಳದ ಮಣ್ಣನ್ನು ಮುಷ್ಟಿಯಲ್ಲಿ ತೆಗೆದು ಬೆರಳುಗಳ ನಡುವೆ ಉಜ್ಜಿ ನೋಡಿದರು.

"ಇದು ಒಳಗಿನ ಜೇಡಿ," ಎಂದರು. "ಹೊಟ್ಟೆಯ ಮಣ್ಣು. ಇದನ್ನ ನಾವು ತುಳಿದು ತುಂಬಿಸಿದ್ವಿ. ಇದು ಹೊರಗೆ ಬರಬಾರದು."

ಅವರು ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟರು. ಅತ್ತೆ ಗಂಡನ ಎದುರು ನಿಂತು ಕಾಯುತ್ತಿದ್ದರು. ಅವರು ಏನಾದರೂ ಹೇಳುತ್ತಾರೆಂದು ಕಾದರು. ಮೇಸ್ತ್ರಿ ಕೊನೆಗೆ ಹೇಳಿದ್ದು, "ಹೇಗೆ ಹತ್ತಲಿ ಈಗ," ಎಂದು.

ಸೋಮವಾರ ಮೇಸ್ತ್ರಿ ಕಾರ್ಖಾನೆಯ ಮೇಲಧಿಕಾರಿಯ ಮುಂದೆ ನಿಂತು, ಏರಿ ಕರಗುತ್ತಿದೆ, ನೀರು ಇಳಿಸಬೇಕು ಎಂದರು. ಅರ್ಜಿ ಬರೆದುಕೊಡಿ, ಶುಕ್ರವಾರದ ಸಭೆಯಲ್ಲಿ ಇಡೋಣ ಎಂಬ ಉತ್ತರ ಬಂತು. ಅದೇ ಹೊತ್ತಿಗೆ ಸೊಸೆ ತಪಾಸಣೆ ಕಚೇರಿಯ ಸಾಹೇಬರ ಮುಂದೆ ಅಳತೆ ಪುಸ್ತಕದ ನಕಲು ಇಟ್ಟಿದ್ದಳು.

ಸಾಹೇಬರು ಕೆಟ್ಟ ಮನುಷ್ಯರಲ್ಲ. ಅವಳಿಗೆ ಕೆಲಸ ಕಲಿಸಿದವರೇ ಅವರು. ನಕಲನ್ನು ಎರಡು ಸಲ ಓದಿ ಕನ್ನಡಕ ತೆಗೆದು ಒರೆಸಿದರು.

"ಈ ಕಟ್ಟೆಗೆ ಮೂರು ತಿಂಗಳಿಗೊಮ್ಮೆ ನನ್ನ ಸಹಿ ಇದೆ," ಎಂದರು. "ಸ್ಥಳ ಪರಿಶೀಲಿಸಿದೆ, ಸುರಕ್ಷಿತ ಅಂತ. ಒಂದು ಸಲವೂ ಕೆಳಗೆ ಇಳಿದಿಲ್ಲ ನಾನು. ನಿನ್ನ ಮಾವ ಕಾಫಿ ಕೊಡ್ತಿದ್ರು, ಪುಸ್ತಕ ನೋಡಿ ಬರ್ತಿದ್ದೆ." ಕನ್ನಡಕ ಮತ್ತೆ ಹಾಕಿಕೊಂಡರು. "ಹೀಗೆ ಮಾಡೋಣಮ್ಮ. ಈ ವಾರ ಮೂವತ್ತೆಂಟು ಅಂತ ಹಾಕು. ಮುಂದಿನ ವಾರ ಮೂವತ್ತೆರಡು. ತಿಂಗಳ ಕೊನೆಗೆ ಇಪ್ಪತ್ತಕ್ಕೆ ತರೋಣ. ಆಗ ನಾನೇ ಎಚ್ಚರಿಕೆ ಪತ್ರ ಕಳಿಸ್ತೀನಿ. ಎಲ್ಲ ಕ್ರಮವಾಗಿ ಆಗುತ್ತೆ."

ಅವಳಿಗೆ ತಾನು ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. "ಅಲ್ಲಿವರೆಗೆ ಕಟ್ಟೆ ಕಾಯುತ್ತಾ ಸಾರ್?"

"ಇಷ್ಟು ದಿನ ಕಾದಿದೆಯಲ್ಲ."

ಅವಳು ನಕಲನ್ನು ಮಡಚಿ ಚೀಲದಲ್ಲಿ ಹಾಕಿಕೊಂಡು ಹೊರಗೆ ಬಂದಳು. ಬೀದಿಯಲ್ಲಿ ಬಸ್ಸು, ತರಕಾರಿ ಗಾಡಿ, ಶಾಲೆಗೆ ಹೊರಟ ಮಕ್ಕಳು, ಎಲ್ಲವೂ ದಿನದ ಹಾಗೇ ಇದ್ದವು. ಅವಳು ನೇರ ಮನೆಗೆ ಹೋಗಿ ಅತ್ತೆಗೆ ಹೇಳಿದಳು. ಅತ್ತೆ ಹೊಲಿಯುತ್ತಿದ್ದ ಅಂಗಿಯ ದಾರ ಕತ್ತರಿಸಿ ಎದ್ದರು.

"ಪಂಪ್‌ಹೌಸಿಗೆ ಹೋಗೋಣ ನಡಿ," ಎಂದರು. "ಅಲ್ಲಿರೋನು ನನ್ನ ಗಿರಾಕಿ."

ಕೆರೆಯ ದಡದ ಪಂಪ್‌ಹೌಸಿನಲ್ಲಿ ಊರಿನ ನೀರೆತ್ತುವ ಯಂತ್ರಗಳನ್ನು ನೋಡಿಕೊಳ್ಳುವವನು ಭಾರಿ ಮೈಯವನು. ವರ್ಷಕ್ಕೆರಡು ಸಲ ಅವನ ಪ್ಯಾಂಟನ್ನು ಅತ್ತೆಯೇ ಅಗಲ ಮಾಡಿಕೊಡುತ್ತಿದ್ದರು. ಅವನು ಹಾಳೆಗಳ ಮೇಲೆ ಬೆರಳಿಟ್ಟು ಕೆಳಕ್ಕೆ ಎಳೆಯುತ್ತ ಓದಿದ.

"ಅಕ್ಕಾ, ಇದು ನೀವೇ ಅಳೆದದ್ದಾ?"

"ನಾನೇ."

"ಹಾಗಾದ್ರೆ ಸರಿ ಇರುತ್ತೆ." ಅವನು ಎದ್ದು ನಿಂತ. "ಕುಡಿಯೋ ನೀರಿಗೆ ಅಪಾಯ ಅನ್ನಿಸಿದ್ರೆ ಪಂಪು ನಿಲ್ಲಿಸೋ ಅಧಿಕಾರ ನನಗಿದೆ. ಒಂದು ದಿನವೂ ಬಳಸಿಲ್ಲ. ಕೆಲಸ ಹೋದ್ರೆ ನನ್ನ ಹೊಟ್ಟೆ ಇಳಿಯುತ್ತೆ, ನಿಮ್ಮ ಹೊಲಿಗೆ ಉಳಿಯುತ್ತೆ." ಹಾಗೆಂದು ಅವನು ಒಂದಾದ ಮೇಲೊಂದು ನಾಲ್ಕೂ ಪಂಪುಗಳನ್ನು ನಿಲ್ಲಿಸಿದ. ಆ ನಿಶ್ಶಬ್ದಕ್ಕೆ ಅತ್ತೆ ಬೆಚ್ಚಿದರು.

ಮಧ್ಯಾಹ್ನದ ಹೊತ್ತಿಗೆ ಊರಿನ ನಲ್ಲಿಗಳು ಬರೀ ಗಾಳಿ ಬಿಟ್ಟವು. ಕಟ್ಟೆ ಸೋರುವ ಸುದ್ದಿ ಪಂಪ್‌ಹೌಸಿನಿಂದ ಹಬ್ಬಿ, ಸಂಜೆಗೆ ಖಾಲಿ ಕೊಡ ಹಿಡಿದವರು ಕಾರ್ಖಾನೆಯ ಗೇಟಿನ ಮುಂದೆ, ತಪಾಸಣೆ ಕಚೇರಿಯ ಮುಂದೆ ನಿಂತಿದ್ದರು. ಅರ್ಜಿಗೆ ಶುಕ್ರವಾರದವರೆಗೆ ಕಾಯಬೇಕಿತ್ತು, ಕೊಡಗಳಿಗೆ ಯಾರೂ ಕಾಯಲು ಹೇಳಲಿಲ್ಲ. ಮಂಗಳವಾರ ಬೆಳಿಗ್ಗೆ ಕಾರ್ಖಾನೆಯನ್ನು ನಿಲ್ಲಿಸಿ ಕೊಳೆನೀರನ್ನು ಬೇರೆ ತೊಟ್ಟಿಗಳಿಗೆ ಎತ್ತತೊಡಗಿದರು. ಕೆಳಗಿನ ಬೀದಿಯವರನ್ನು ಶಾಲೆಗೆ ಸಾಗಿಸಿದರು. ಮೇಸ್ತ್ರಿಯ ಮನೆಯೂ ಅದರಲ್ಲಿ ಸೇರಿತ್ತು. ಅಜ್ಜಿಯನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋದರು. ಮಗ ಏರಿಯ ಮೇಲೆ ಮರಳಿನ ಚೀಲ ಹೊರಲು ನಿಂತ.

ಏರಿ ಕುಸಿದದ್ದು ಗುರುವಾರ, ಊಟದ ಹೊತ್ತಿಗೆ. ಶಾಲೆಯ ಜಗಲಿಯಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ ಹಂಚುತ್ತಿದ್ದರು. ಸದ್ದು ದೊಡ್ಡದೇನಲ್ಲ, ಒದ್ದೆಯಾದ ಹಾಸಿಗೆಯೊಂದು ಮಹಡಿಯಿಂದ ಬಿದ್ದ ಹಾಗೆ. ಕೈಯಲ್ಲಿ ಮೊಟ್ಟೆ ಹಿಡಿದವರು ಹಾಗೇ ನಿಂತರು. ಅಲ್ಲಿಂದ ಏರಿ ಕಾಣುತ್ತಿತ್ತು. ನಡುವಿನ ಭಾಗ ಮೆಲ್ಲಗೆ, ಯಾರೋ ಕೂತಂತೆ ಕೆಳಗೆ ಕೂತಿತು. ಅದರ ಹಿಂದೆ ಬೂದು ಬಣ್ಣದ ನೀರು ಬಂತು. ಅರ್ಧಕ್ಕಿಂತ ಹೆಚ್ಚು ನೀರನ್ನು ಆಗಲೇ ಎತ್ತಿಯಾಗಿತ್ತು, ಆದರೂ ಕೆಳಗಿನ ಬೀದಿಯ ಹನ್ನೊಂದು ಮನೆಗಳ ಗೋಡೆ ಒಂದೇ ಸಲ ಮಲಗಿತು. ಮೇಸ್ತ್ರಿಯ ಮನೆಯ ಮುಂಗೋಣೆ, ಅದರೊಳಗಿನ ಹೊಲಿಗೆ ಯಂತ್ರ, ಕಾಣದಾದವು. ಆಮೇಲೆ ಕೆರೆ ಬಣ್ಣ ತಿರುಗಿತು.

"ನನ್ನ ಮಗ," ಎಂದರು ಅತ್ತೆ. "ನನ್ನ ಮಗ ಮೇಲಿದಾನೆ."

ಸೊಸೆ ಓಡುತ್ತಿದ್ದಳು. ಎಲ್ಲಿಗೆಂದು ಅವಳಿಗೂ ಗೊತ್ತಿರಲಿಲ್ಲ. ಒಂದೂವರೆ ಗಂಟೆಯ ನಂತರ ಅವನು ತಾನಾಗಿ ನಡೆದುಬಂದ. ತಲೆಯಿಂದ ಕಾಲಿನವರೆಗೆ ಬೂದು ಕೆಸರು, ಒಂದು ಕಾಲಲ್ಲಿ ಬೂಟಿಲ್ಲ. ಬದುಕಿದ್ದೇ ಅದೃಷ್ಟ ಎಂದು ಎಲ್ಲರೂ ಅಂದರು. ಅವನು ಯಾರನ್ನೂ ಗುರುತಿಸದವನ ಹಾಗೆ ಅಪ್ಪನ ಎದುರು ನಿಂತ.

"ನಾನು ಏರಿಯ ಈ ಕಡೆ ಚೀಲ ತರೋಕೆ ಬಂದಿದ್ದೆ," ಎಂದ. "ಹತ್ತು ಹೆಜ್ಜೆ. ಹಿಂದೆ ತಿರುಗಿದೆ, ನಾನು ನಿಂತಿದ್ದ ಜಾಗ ಇರಲಿಲ್ಲ. ಅಪ್ಪಾ, ಜಾಗವೇ ಇರಲಿಲ್ಲ."

ಮೇಸ್ತ್ರಿ ಮಗನ ತೋಳು ಮುಟ್ಟಲು ಕೈ ಚಾಚಿದರು. ಅವನು ಹಿಂದೆ ಸರಿದ.

ಯಾರೂ ಸಾಯಲಿಲ್ಲ. ಕೆರೆಯಲ್ಲಿ ಮೀನು ಸತ್ತವು, ವಾರಗಟ್ಟಲೆ ದಡಕ್ಕೆ ಬಂದು ಬಿದ್ದವು. ಊರಿಗೆ ಲಾರಿಯಲ್ಲಿ ನೀರು ಬರತೊಡಗಿತು. ಮೇಸ್ತ್ರಿಯ ಮನೆಯವರು ಮಾರುಕಟ್ಟೆಯ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಮಗನ ಕಾಯಂ ಪತ್ರ ಬರಲಿಲ್ಲ. ಅತ್ತೆ ಬೇರೊಬ್ಬರ ಅಂಗಡಿಯಲ್ಲಿ ಕೂತು ಹೊಲಿಯತೊಡಗಿದರು. ಜನ ಕಟ್ಟೆ ಮೇಸ್ತ್ರಿ ಎಂಬ ಹೆಸರನ್ನು ಬಿಟ್ಟು ಹೊಸದನ್ನು ಇಟ್ಟರು. ನೀರಿನ ಲಾರಿಯ ಮುಂದೆ ನಿಂತವರೊಬ್ಬರು, "ನಲವತ್ತು ಬಂದ, ಜಾಗ ಬಿಡಿ," ಎಂದರು. ಮೇಸ್ತ್ರಿ ಖಾಲಿ ಬಕೆಟ್ ಹಿಡಿದು ವಾಪಸು ಬಂದರು. ಆಮೇಲೆ ನೀರಿಗೆ ಅಜ್ಜಿಯೇ ಕೋಲೂರಿಕೊಂಡು ಹೋಗಿ ಕೂತರು. ಅವರಿಗೆ ಯಾರೂ ಏನೂ ಅನ್ನಲಿಲ್ಲ.

ಐದನೆಯ ವಾರ ವಿಚಾರಣೆ ಶುರುವಾಯಿತು. ಸಾಹೇಬರನ್ನು ರಜೆಯ ಮೇಲೆ ಕಳಿಸಿ, ಬೇರೆ ಊರಿನಿಂದ ಹಿರಿಯ ಎಂಜಿನಿಯರ್ ಒಬ್ಬರನ್ನು ಕರೆಸಿದ್ದರು. ಅವರು ಎಲ್ಲರನ್ನೂ ಕೇಳಿ, ಎಲ್ಲವನ್ನೂ ನೋಡಿ, ಕೊನೆಗೆ ವರದಿ ಬರೆಸಿದರು. ಟೈಪ್ ಮಾಡಿದ್ದು ಸೊಸೆಯೇ. ಅವತ್ತು ಸಂಜೆ ಅವಳು ತಟ್ಟೆಯ ಮುಂದೆ ಕೂತು ಊಟ ಮುಟ್ಟಲಿಲ್ಲ.

"ಏನು ಬರೆಸಿದ್ರು?" ಎಂದರು ಅತ್ತೆ.

"ಹದಿನಾಲ್ಕು ತಿಂಗಳ ಅಳತೆ ಲಭ್ಯವಿಲ್ಲ, ಅಂತ."

"ಲಭ್ಯವಿಲ್ಲ ಅಂದ್ರೆ?"

"ಇಲ್ಲ ಅಂತ. ನೀವು ಅಧಿಕೃತ ಅಲ್ಲವಂತೆ, ಅದಕ್ಕೆ ನಿಮ್ಮ ಪುಸ್ತಕ ದಾಖಲೆಗೆ ಬರಲ್ವಂತೆ. ಮಾವನ ನಲವತ್ತನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಹಾಗೆ ಬರೆದ್ರೆ ಮಾವನಿಗೂ ಒಳ್ಳೇದು ಅಂದ್ರು. ಅಳತೆ ತೆಗೆಯೋದು ತಪ್ಪಿಹೋಗಿದೆ ಅಂತಾಗುತ್ತೆ, ಸುಳ್ಳು ಬರೆದರು ಅಂತಾಗಲ್ಲ. ನಿವೃತ್ತಿ ಹಣ ಉಳಿಯುತ್ತೆ."

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ಹಾಗಾದ್ರೆ ನಾನು ದಿನಾ ಅಲ್ಲಿಗೆ ಹೋಗೇ ಇಲ್ವಾ?" ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದರು.

ಮಾರನೆಯ ದಿನ ಮೇಸ್ತ್ರಿ ಯಾರಿಗೂ ಹೇಳದೆ ಹೋದರು. ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಸಂಜೆ ಮನೆಗೆ ಬಂದು ಹೆಂಡತಿಯ ಎದುರು ನಿಂತರು.

"ಸುಳ್ಳು ಬರೆದವನು ನಾನು, ನಿಜ ಅಳೆದವಳು ನನ್ನ ಹೆಂಡತಿ ಅಂತ ಹೇಳಿಬಂದೆ. ಬರ್ಕೊಂಡಿದಾರೆ."

ಅವರು ಏನನ್ನು ನಿರೀಕ್ಷಿಸಿದ್ದರೋ. ಅತ್ತೆ ಸಿಡಿದರು.

"ಮತ್ತೆ ನನ್ನ ಕೇಳದೇನೇ? ಹದಿನಾಲ್ಕು ತಿಂಗಳು ನನ್ನ ಮಾತು ಕೇಳಲಿಲ್ಲ. ಈಗ ನಿವೃತ್ತಿ ಹಣ ಬಿಟ್ಟುಬರೋಕೂ ನನ್ನ ಕೇಳಬೇಕು ಅನ್ನಿಸಲಿಲ್ವಾ? ಬಾಡಿಗೆ ಕಟ್ತಾ ಇರೋಳು ಯಾರು?"

ಮೇಸ್ತ್ರಿ ಕಕ್ಕಾಬಿಕ್ಕಿಯಾದರು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಸಿದು ಕೂತರು.

"ಇನ್ನೂ ಸಹಿ ಹಾಕಿಲ್ಲ," ಎಂದರು ಸಣ್ಣ ಧ್ವನಿಯಲ್ಲಿ. "ನಿನ್ನ ಸಹಿಯೂ ಬೇಕಂತೆ. ಹಾಕಬೇಡ ಅಂದ್ರೆ ಬಿಡ್ತೀನಿ. ಏನು ಮಾಡಲಿ, ಹೇಳು."

ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಅವರು ಹೀಗೆ ಕೇಳಿದ್ದು ಇದೇ ಮೊದಲು. ಅತ್ತೆ ಒಲೆಯ ಕಡೆ ತಿರುಗಿದರು. ರೊಟ್ಟಿ ಸುಟ್ಟರು, ಅಜ್ಜಿಗೆ ಹಾಲು ಕಾಯಿಸಿ ಕೊಟ್ಟರು, ಪಾತ್ರೆ ತೊಳೆದರು. ಕೈ ಒರೆಸಿಕೊಂಡು ಬಂದು, "ನಾಳೆ ನಾನು ಓದ್ತೀನಿ. ಓದಿ ಆಮೇಲೆ ಹೇಳ್ತೀನಿ," ಎಂದರು.

ಮಾರನೆಯ ದಿನ ಎಂಜಿನಿಯರ್ ಅವರ ಮೇಜಿನ ಮುಂದೆ ಎರಡು ಕುರ್ಚಿ ಹಾಕಿದ್ದರು. ಪಕ್ಕದ ಮೇಜಿನಲ್ಲಿ ಸೊಸೆ ಕಂಪ್ಯೂಟರಿನ ಮುಂದೆ ಕೂತಿದ್ದಳು. ಅತ್ತೆ ಹೇಳಿಕೆಯನ್ನು ತುಟಿ ಅಲ್ಲಾಡಿಸುತ್ತ ಓದಿದರು. ಮೊದಲ ಪುಟದ ಮಧ್ಯದಲ್ಲೇ ಬೆರಳು ನಿಂತಿತು.

"ಇಲ್ಲಿ ತಪ್ಪಿದೆ. ನಾನು ಹೋದ ಮೊದಲನೇ ದಿನ ನಲವತ್ತು ಇತ್ತು ಅಂತ ಬರೆದಿದೆ. ಮೊದಲನೇ ದಿನವೇ ಮೂವತ್ತೊಂಬತ್ತಕ್ಕೆ ತುಂಬ್ತು."

"ಒಂದು ಸೆಕೆಂಡ್ ತಾನೇ," ಎಂದರು ಎಂಜಿನಿಯರ್. ಆದರೂ ಮೇಸ್ತ್ರಿಯ ಕಡೆ ತಿರುಗಿದರು. "ಅದರ ಹಿಂದಿನ ದಿನ ನೀವು ಅಳೆದಾಗ ನಲವತ್ತು ಇತ್ತು ಅಂದ್ರಿ ನಿನ್ನೆ."

ಮೇಸ್ತ್ರಿ ಮೊಣಕಾಲು ಸವರಿಕೊಂಡರು. "ಹಿಂದಿನ ದಿನ ನಾನು ಇಳಿದಿರಲಿಲ್ಲ."

"ಅದರ ಹಿಂದಿನ ದಿನ?"

"ಇಲ್ಲ."

"ಕೊನೆಯ ಸಲ ಯಾವಾಗ ಇಳಿದದ್ದು?"

"ಅದಕ್ಕೂ ಆರು ತಿಂಗಳ ಮುಂಚೆ."

ಕೀಲಿಮಣೆಯ ಸದ್ದು ನಿಂತಿತು. ಅತ್ತೆ ಗಂಡನ ಕಡೆ ಪೂರ್ತಿ ತಿರುಗಿದರು.

"ದಿನಾ ಬೆಳಿಗ್ಗೆ ಇಳಿದು ಬಂದೆ ಅಂತ ಹೇಳ್ತಿದ್ರಿ ನನಗೆ," ಎಂದರು. "ಬಿಸಿನೀರು ಕಾಯಿಸಿ ಕೊಡ್ತಿದ್ದೆ ಕಾಲಿಗೆ. ಆ ಆರು ತಿಂಗಳು ಯಾರು ಇಳಿದ್ರು?"

"ಯಾರೂ ಇಲ್ಲ. ತೋಚಿದ್ದು ಬರೀತಿದ್ದೆ. ನಲವತ್ತೊಂದು, ಮೂವತ್ತೊಂಬತ್ತು, ಹೀಗೆ." ಮೇಸ್ತ್ರಿ ಯಾರ ಮುಖವನ್ನೂ ನೋಡಲಿಲ್ಲ. "ನೀನು ಹೋಗಿ ನಿಜವಾದ್ದು ತಂದು ಹೇಳೋಕೆ ಶುರು ಮಾಡಿದ ಮೇಲೆ ಭಯವಾಯ್ತು. ನಲವತ್ತರ ಮೇಲೇ ನಿಂತುಬಿಟ್ಟೆ."

ಕಿಟಕಿಯ ಹೊರಗೆ ನೀರಿನ ಲಾರಿ ಹಾರ್ನ್ ಹೊಡೆಯುತ್ತ ಹೋಯಿತು. ಎಂಜಿನಿಯರ್ ಪೆನ್ನನ್ನು ಮುಚ್ಚಿ ಮತ್ತೆ ತೆಗೆದರು. ಅತ್ತೆಯ ಬೆರಳು ಇನ್ನೂ ಅದೇ ಸಾಲಿನ ಮೇಲಿತ್ತು.

"ಅದನ್ನೂ ಸೇರಿಸಮ್ಮ," ಎಂದರು ಸೊಸೆಗೆ. "ಆರು ತಿಂಗಳು ಯಾರೂ ಇಳಿದಿಲ್ಲ. ಆಮೇಲೆ ನಾನು. ಮೊದಲನೇ ದಿನ ಮೂವತ್ತೊಂಬತ್ತು."

ಸೊಸೆ ಸೇರಿಸಿದಳು. ಹೊಸ ಪ್ರತಿ ಯಂತ್ರದಿಂದ ಬೆಚ್ಚಗೆ ಹೊರಬಂತು. ಅತ್ತೆ ಅದನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿದರು. ತಮ್ಮ ಸಹಿ ಹಾಕಿದರು. ಗಂಡ ಪೆನ್ನಿಗಾಗಿ ಕೈ ಚಾಚಿದ್ದರು. ಅತ್ತೆ ಅದನ್ನು ಆ ಕೈಗೆ ಕೊಡದೆ ಮೇಜಿನ ಮೇಲಿಟ್ಟು ಎದ್ದರು.